ಕೆನೆತ್ ಫಿಯರಿಂಗ್ ಪ್ರಕರಣ: ಒಬ್ಬ ಕವಿ, ಒಂದು ಕೊಲೆ, ಒಂದು ದೊಡ್ಡ ಗಡಿಯಾರ

ಕೆನೆತ್ ಫಿಯರಿಂಗ್ ಅವರ ಹೆಸರನ್ನು ಇಂದು ಕೇಳಿಬಲ್ಲ ಓದುಗರಲ್ಲಿ ಹೆಚ್ಚಿನವರಿಗೆ ಅವರು ಒಂದೇ ಒಂದು ಪುಸ್ತಕದ ಲೇಖಕರು. 1946ರಲ್ಲಿ ಪ್ರಕಟವಾದ ‘ದಿ ಬಿಗ್ ಕ್ಲಾಕ್’ ಎಂಬ ಆ ಕೊಲೆಯ ಕಾದಂಬರಿ ಎರಡೇ ವರ್ಷದಲ್ಲಿ ಹಾಲಿವುಡ್ ಚಿತ್ರವಾಯಿತು, ಮುಂದೆ ಫ್ರಾನ್ಸಿನಲ್ಲೊಮ್ಮೆ, ಅಮೆರಿಕದಲ್ಲೇ ಮತ್ತೊಮ್ಮೆ ತೆರೆಗೆ ಬಂತು, ಇವತ್ತಿಗೂ ಅಚ್ಚಿನಲ್ಲಿದೆ. ಆದರೆ ಈ ಕಾದಂಬರಿ ಹೊರಬರುವ ಹೊತ್ತಿಗೆ ಫಿಯರಿಂಗ್ ಐದು ಕವನ ಪುಸ್ತಕಗಳನ್ನು ಪ್ರಕಟಿಸಿದ್ದರು, ಲೇಖಕರಿಗೆ, ಕಲಾವಿದರಿಗೆ ಕೊಡುವ ಗುಗೆನ್‌ಹೈಮ್ ಫೆಲೋಶಿಪ್ಪನ್ನು ಎರಡು ಬಾರಿ ಪಡೆದಿದ್ದರು, 1930ರ ದಶಕದ ಆರ್ಥಿಕ ಮಹಾಕುಸಿತದ ಕಾಲದ ನ್ಯೂಯಾರ್ಕಿನ ಧ್ವನಿ ಎಂದರೆ ಇವರದೇ ಎಂದು ಹೇಳುವವರಿದ್ದರು. ಹಾಗಾಗಿ ಅವರ ಬದುಕನ್ನು ಹೇಳುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ: ಕವಿತೆಯಿಂದ ಹೊಟ್ಟೆ ತುಂಬದ ಕವಿಯೊಬ್ಬ ದುಡ್ಡಿಗಾಗಿ ಪತ್ತೇದಾರಿ ಕಥೆಗೆ ಇಳಿದ, ಅದೃಷ್ಟ ಒಲಿಯಿತು, ಬಂದ ದುಡ್ಡು ಕುಡಿತದಲ್ಲಿ ಹೋಯಿತು, ಕವಿತೆಯೂ ಕೈಬಿಟ್ಟಿತು.

ಈ ಕಥನದಲ್ಲಿ ಸುಳ್ಳು ಇಲ್ಲ, ಆದರೆ ಮುಖ್ಯವಾದ ಸಂಗತಿಯೇ ಬಿಟ್ಟುಹೋಗಿದೆ ಎಂಬುದು ನನ್ನ ಅಭಿಪ್ರಾಯ. ಫಿಯರಿಂಗ್ ಅವರ ಕವಿತೆ ಮೊದಲಿನಿಂದಲೂ ಅಪರಾಧದ ವರದಿಯ ಹಾಗೆಯೇ ನಡೆಯುತ್ತಿತ್ತು. ಯಾರೋ ಸತ್ತಿದ್ದಾರೆ, ಹಲವು ಬಾಯಿಗಳು ಹೇಳಿಕೆ ಕೊಡುತ್ತಿವೆ, ಸತ್ತವನ ಗುರುತು ಮಾತ್ರ ಸಿಗುತ್ತಿಲ್ಲ. ಇಪ್ಪತ್ತು ವರ್ಷ ಕವಿತೆಯಲ್ಲಿ ಕಟ್ಟುತ್ತಾ ಬಂದ ಈ ಸನ್ನಿವೇಶಕ್ಕೆ ‘ದಿ ಬಿಗ್ ಕ್ಲಾಕ್’ನಲ್ಲಿ ಪೂರ್ಣವಾದ ಕಥಾನಕ ದಕ್ಕಿತು. ಆ ಒಂದು ಕಾದಂಬರಿ ಹೇಗೆ ರೂಪುಗೊಂಡಿತು, ಅದರ ಯಶಸ್ಸು ಅದನ್ನು ಬರೆದವರಿಗೆ ಏನು ಮಾಡಿತು ಎಂಬುದೇ ಇಲ್ಲಿ ಅಧ್ಯಯನಕ್ಕೆ ಎತ್ತಿಕೊಂಡಿರುವ ಪ್ರಕರಣ.

ಫಿಯರಿಂಗ್ ಹುಟ್ಟಿದ್ದು 1902ರ ಜುಲೈ 28ರಂದು, ಶಿಕಾಗೋದ ಪಕ್ಕದ ಓಕ್ ಪಾರ್ಕ್‌ನಲ್ಲಿ. ತಂದೆ ಹ್ಯಾರಿ ಫಿಯರಿಂಗ್ ವಕೀಲರು. ತಾಯಿ ಆಲಿವ್ ಫ್ಲೆಕ್ಸ್ನರ್ ಯಹೂದಿ ಮೂಲದವರು. ಮಗು ಇನ್ನೂ ನಡೆಯಲು ಕಲಿಯುವ ವಯಸ್ಸಿನಲ್ಲೇ ತಂದೆತಾಯಿ ಬೇರೆಯಾದರು, ಹುಡುಗ ಹೆಚ್ಚಾಗಿ ಬೆಳೆದದ್ದು ಸೋದರತ್ತೆಯ ಮನೆಯಲ್ಲಿ. ಓಕ್ ಪಾರ್ಕ್‌ನ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿ ಪತ್ರಿಕೆಯ ಸಂಪಾದಕರಾದರು. ಕೆಲವೇ ವರ್ಷಗಳ ಹಿಂದೆ ಆ ಪತ್ರಿಕೆಯನ್ನು ನೋಡಿಕೊಂಡಿದ್ದವರು ಅರ್ನೆಸ್ಟ್ ಹೆಮಿಂಗ್ವೆ. ಸಹಪಾಠಿಗಳು ಇವರನ್ನು ಅತ್ಯಂತ ಹಾಸ್ಯಪ್ರಜ್ಞೆಯ ಹುಡುಗ ಎಂದೂ, ಅದೇ ಉಸಿರಿನಲ್ಲಿ ತರಗತಿಯ ನಿರಾಶಾವಾದಿ ಎಂದೂ ಆರಿಸಿದ್ದರು. ಮುಂದಿನ ಎಲ್ಲ ಬರವಣಿಗೆಯ ಬೀಜ ಈ ಎರಡು ಬಿರುದುಗಳಲ್ಲೇ ಇದೆ ಎನ್ನಬಹುದು, ಏಕೆಂದರೆ ಅವರ ಕವಿತೆಯಲ್ಲಿ ನಗೆಯೂ ಹತಾಶೆಯೂ ಎಂದೂ ಬೇರೆಬೇರೆ ಸಾಲುಗಳಲ್ಲಿ ಬರುವುದಿಲ್ಲ.

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ, ಆಮೇಲೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದರು. ವಿಸ್ಕಾನ್ಸಿನ್‌ನಲ್ಲಿ ಸಾಹಿತ್ಯ ಪತ್ರಿಕೆಯ ಸಂಪಾದಕತ್ವ ದೊರೆಯಿತು, ಅಧಿಕಾರಿಗಳ ಅಸಮಾಧಾನಕ್ಕೆ ಗುರಿಯಾಗಿ ಅದನ್ನು ಬಿಡಬೇಕಾಗಿಯೂ ಬಂತು. ಪದವಿ ಕೈಗೆ ಸಿಗುವ ಮೊದಲೇ, 1924ರ ಕೊನೆಯಲ್ಲಿ, ನ್ಯೂಯಾರ್ಕಿಗೆ ಹೊರಟರು. ಅಲ್ಲಿ ಅವರ ಜೊತೆಯಾದವರು ವಿಸ್ಕಾನ್ಸಿನ್‌ನಲ್ಲೇ ಪರಿಚಯವಾಗಿದ್ದ ಲೇಖಕಿ ಮಾರ್ಜರಿ ಲ್ಯಾಟಿಮರ್. ಆ ಸಂಬಂಧ ಮದುವೆಯವರೆಗೆ ಹೋಗಲಿಲ್ಲ. ಲ್ಯಾಟಿಮರ್ ಮುಂದೆ ಜೀನ್ ಟೂಮರ್ ಎಂಬ ಲೇಖಕರನ್ನು ಮದುವೆಯಾಗಿ 1932ರಲ್ಲಿ ಹೆರಿಗೆಯ ಸಮಯದಲ್ಲಿ ತೀರಿಕೊಂಡರು. ಅವರ ಒಂದು ಕಾದಂಬರಿಯಲ್ಲಿ ಫಿಯರಿಂಗ್ ಅವರ ಛಾಯೆಯುಳ್ಳ ಪಾತ್ರವೊಂದು ಉಳಿದಿದೆ.

ನ್ಯೂಯಾರ್ಕಿನಲ್ಲಿ ಫಿಯರಿಂಗ್ ನಿಶ್ಚಿತ ನೌಕರಿ ಹಿಡಿಯಲಿಲ್ಲ. ಅಗ್ಗದ ಕಾಗದದ ಮೇಲೆ ಅಚ್ಚಾಗಿ ರೈಲು ನಿಲ್ದಾಣದ ಅಂಗಡಿಗಳಲ್ಲಿ ಮಾರಾಟವಾಗುವ ಪಲ್ಪ್ ಪತ್ರಿಕೆಗಳಿಗೆ ಪದಕ್ಕಿಷ್ಟು ಎಂದು ಲೆಕ್ಕ ಹಾಕಿ ಕೊಡುವ ಸಂಭಾವನೆಗಾಗಿ ಕಥೆ ಬರೆದರು. ಅವುಗಳಲ್ಲಿ ಸಾಕಷ್ಟು ಕಾಮಪ್ರಚೋದಕ ಕಥೆಗಳಾಗಿದ್ದುದರಿಂದ ಕರ್ಕ್ ವುಲ್ಫ್ ಎಂಬ ಗುಪ್ತನಾಮವನ್ನೂ ಇಟ್ಟುಕೊಂಡರು. ಕವಿತೆಗೆ ಹಣವಿಲ್ಲದ, ಹಣದ ಬರವಣಿಗೆಗೆ ಹೆಸರು ಹಾಕಿಕೊಳ್ಳಲಾಗದ ಈ ಜೋಡಿ ಬದುಕು ಹಲವು ವರ್ಷ ನಡೆಯಿತು. ಇದನ್ನು ಬರಿಯ ಕಷ್ಟಕಾಲವೆಂದು ಕರೆದು ದಾಟಿಬಿಡುವುದು ಸರಿಯಲ್ಲ. ಪಲ್ಪ್ ಕಥೆಯಲ್ಲಿ ಮೊದಲ ವಾಕ್ಯಕ್ಕೇ ಓದುಗನನ್ನು ಹಿಡಿಯಬೇಕು, ಪ್ರತಿ ಪುಟಕ್ಕೂ ಏನಾದರೂ ಘಟಿಸಬೇಕು, ಪಾತ್ರದ ಕಸುಬನ್ನು ಎರಡು ಗೆರೆಯಲ್ಲಿ ಮೂಡಿಸಬೇಕು. ಈ ಶಿಸ್ತು ಅವರ ಕವಿತೆಗೂ ಹರಿಯಿತು. 1929ರಲ್ಲಿ ಬಂದ ಮೊದಲ ಸಂಕಲನ ‘ಏಂಜೆಲ್ ಆರ್ಮ್ಸ್’ನಲ್ಲೇ ಜೂಜುಕೋರರು, ಸಣ್ಣಪುಟ್ಟ ಕಳ್ಳರು, ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರು, ಪತ್ರಿಕೆಯ ಮೂರನೇ ಪುಟದ ಅಪರಾಧ ಸುದ್ದಿಗೆ ಸೇರುವಂಥ ಜನ ತುಂಬಿಕೊಂಡಿದ್ದಾರೆ.

ಅವರನ್ನು ಕವಿಯಾಗಿ ನೆಲೆಗೊಳಿಸಿದ್ದು 1935ರ ‘ಪೊಯೆಮ್ಸ್’. ಎಡಪಂಥೀಯ ಒಲವಿನ ಸಣ್ಣ ಪ್ರಕಾಶನವೊಂದು ತಂದ ಈ ಪುಸ್ತಕಕ್ಕೆ ಕಾದಂಬರಿಕಾರ ಎಡ್ವರ್ಡ್ ಡಾಲ್ಬರ್ಗ್ ಮುನ್ನುಡಿ ಬರೆದರು. ಈ ಸಂಕಲನದ ‘ಡರ್ಜ್’, ಅಂದರೆ ಶವಸಂಸ್ಕಾರದ ಹಾಡು, ಎಂಬ ಕವಿತೆಯನ್ನು ಹತ್ತಿರದಿಂದ ನೋಡದೆ ನಮ್ಮ ಪ್ರಕರಣ ಮುಂದೆ ಹೋಗುವಂತಿಲ್ಲ.

ಕವಿತೆ ಒಂದು ಅಂಕಿಯಾಟದಿಂದ ಶುರುವಾಗುತ್ತದೆ. ಅವನು 1-2-3 ಎಂಬ ಸಂಖ್ಯೆಗೆ ಹಣ ಕಟ್ಟಿದ್ದ, ಇವತ್ತು ಬಂದದ್ದು 3-2-1. ಮೂವತ್ತಕ್ಕೆ ಕೊಂಡ ಷೇರು ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಅವನು ನಂಬಿದ ಕುದುರೆ ಓಡಬೇಕಿದ್ದ ದಿನ ನೆಲ ಒದ್ದೆಯಾಗಿತ್ತು. ನಡುವೆ ಜಾಹೀರಾತಿನ ಧ್ವನಿಯೊಂದು ನುಗ್ಗಿ, ರೇಷ್ಮೆ ಹೊದಿಕೆಯ ಕಾರು ಬೇಕೆ, ಸಿನಿಮಾ ತಾರೆಯನ್ನು ಮದುವೆಯಾಗಬೇಕೆ ಎಂದು ಅವನನ್ನು ಕೇಳುತ್ತದೆ. ತನ್ನ ಬದುಕನ್ನು ತಾನು ನಡೆಸುವ ರೀತಿಯ ಬಗ್ಗೆ ಅವನಿಗೆ ಹೆಮ್ಮೆಯಿತ್ತು, ಆದರೂ ಗ್ಯಾಸ್ ಸಂಪರ್ಕ ಕಡಿದರು, ಆದರೂ ಬ್ಯಾಂಕಿನವರು ಜಪ್ತಿ ಮಾಡಿದರು, ಆದರೂ ಮನೆಯ ಮಾಲೀಕ ಬಂದು ಬಾಗಿಲು ತಟ್ಟಿದ, ಆದರೂ ರೇಡಿಯೋ ಕೆಟ್ಟಿತು. ಹನ್ನೆರಡು ಗಂಟೆ ಎಂಬುದು ಒಂದು ಸಲ ಹೆಚ್ಚಾಗಿ ಹೊಡೆಯಿತು. ಒಂದು ಹೆಜ್ಜೆ, ಒಂದು ನೋಟ, ಒಂದು ಉಸಿರು, ಎಲ್ಲವೂ ಒಂದೊಂದು ಹೆಚ್ಚಾಗಿ ಅವನು ಸತ್ತ. ಆಮೇಲೆ ಕಾರ್ಟೂನಿನಲ್ಲಿ ಕೇಳುವಂಥ ಸದ್ದುಗಳ ಸಮೇತ ಅವನ ಇಡೀ ಆಯುಷ್ಯ ಕೆಲವೇ ಸಾಲುಗಳಲ್ಲಿ ಓಡಿಹೋಗುತ್ತದೆ: ಕಚೇರಿಗೆ ಹೋದ, ಮನೆಗೆ ಬಂದು ಮಲಗಿದ, ಮದುವೆಯಾದ, ಮಕ್ಕಳಾದವು, ಕೆಲಸ ಹೋಯಿತು. ಅವನ ಶವಪೆಟ್ಟಿಗೆಗೆ ಹೆಗಲು ಕೊಡುವವರಿಗೆ ಹೆಸರುಗಳಿಲ್ಲ. ಒಂದು ಮೂಲೆಯಲ್ಲಿ ‘ನೀನು ಯಾರಯ್ಯಾ’ ಎಂಬ ಪ್ರಶ್ನೆ, ಇನ್ನೊಂದು ಮೂಲೆಯಲ್ಲಿ ‘ಯಾರಿಗೇನು’ ಎಂಬ ಪ್ರಶ್ನೆ. ಅವನ ಸಾವಿಗೆ ಮರುಗುವವರು ದಿನಪತ್ರಿಕೆಯ ಪ್ರಸರಣ ವಿಭಾಗ ಮತ್ತು ನ್ಯೂಯಾರ್ಕಿನ ಸುರಂಗ ರೈಲಿನ ಕಂಪನಿ. ಕೊನೆಗೆ ಗಂಟೆಯ ಸದ್ದು ಮಾತ್ರ ಉಳಿಯುತ್ತದೆ.

ಈ ಕವಿತೆಯಲ್ಲಿ ಒಂದು ಸಾವಿದೆ, ಬೇಕಾದಷ್ಟು ಸಾಕ್ಷ್ಯಗಳಿವೆ, ಕೊಂದವನು ಮಾತ್ರ ಇಲ್ಲ. ಷೇರುಪೇಟೆ, ಬ್ಯಾಂಕು, ರೇಡಿಯೋ, ಜಾಹೀರಾತು, ಗಡಿಯಾರ, ಇವೆಲ್ಲ ಸ್ಥಳದಲ್ಲಿದ್ದವು. ಯಾವುದರ ಮೇಲೂ ಆರೋಪ ಹೊರಿಸಲಾಗದು. ಹನ್ನೊಂದು ವರ್ಷದ ನಂತರ ಬಂದ ಕಾದಂಬರಿಯ ಹೆಸರಿನಲ್ಲಿರುವ ಗಡಿಯಾರ ಇಲ್ಲೇ ಬಡಿಯುತ್ತಿದೆ. ‘ಪೊಯೆಮ್ಸ್’ನ ಬೇರೆ ಕವಿತೆಗಳಲ್ಲೂ ರೇಡಿಯೋ ಮನುಷ್ಯನ ಗೆಳೆಯನಾಗುತ್ತದೆ, ಪತ್ರಿಕೆ ಅವನ ಹೆಂಡತಿಯ ಕನಸಾಗುತ್ತದೆ. ಜನರ ಅಂತರಂಗವನ್ನು ಕಂಪನಿಗಳು ತಯಾರಿಸಿ ಮನೆಮನೆಗೆ ತಲುಪಿಸುತ್ತಿವೆ ಎಂಬ ಮಾತನ್ನು ಫಿಯರಿಂಗ್ ಟೆಲಿವಿಷನ್ ಮನೆಗಳಿಗೆ ಬರುವ ಮೊದಲೇ ಹಿಡಿದಿದ್ದರು.

ಅದೇ 1935ರಲ್ಲಿ ಅವರ ಗೆಳತಿ, ಚಿತ್ರ ಕಲಾವಿದೆ ಆಲಿಸ್ ನೀಲ್, ಫಿಯರಿಂಗ್ ಅವರ ಭಾವಚಿತ್ರ ಬರೆದರು. ಅದು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ದುಂಡು ಕನ್ನಡಕದ, ದಣಿದ ಮುಖದ ಕವಿ ಮೇಜಿನ ಮುಂದೆ ಕುಳಿತಿದ್ದಾರೆ. ಸುತ್ತಲೂ ಅವರ ಕವಿತೆಗಳಿಂದ ಎದ್ದು ಬಂದಂತೆ ಸಣ್ಣ ಸಣ್ಣ ಮನುಷ್ಯರು, ಹಿಂದೆ ಎತ್ತರದ ಕಂಬಗಳ ಮೇಲೆ ಓಡುವ ರೈಲು, ಆ ವರ್ಷವೇ ಹುಟ್ಟಿದ ಮಗನ ನೆನಪಿಗೆ ಒಂದು ಶಿಶು. ಎದೆಯ ಭಾಗದಲ್ಲಿ ಒಂದು ಪುಟ್ಟ ಅಸ್ಥಿಪಂಜರ ನಿಂತು ಹೃದಯದಿಂದ ರಕ್ತವನ್ನು ಹಿಂಡುತ್ತಿದೆ. ಜಗತ್ತಿನ ದುಃಖಕ್ಕೆ ಇವರ ಹೃದಯ ರಕ್ತ ಸುರಿಸುತ್ತಿತ್ತು, ಅದಕ್ಕೇ ಹಾಗೆ ಬರೆದೆ ಎಂಬರ್ಥದ ವಿವರಣೆಯನ್ನು ನೀಲ್ ಕೊಟ್ಟಿದ್ದರು. ಚಿತ್ರಕ್ಕೆ ಕುಳಿತವರಿಗೆ ಆ ಅಸ್ಥಿಪಂಜರ ಇಷ್ಟವಾಗಲಿಲ್ಲ. ಕವಿತೆಯ ಒರಟು ನಗೆಯ ಅಡಿಯಲ್ಲಿ ಮರೆಮಾಡಿದ್ದನ್ನು ನೀಲ್ ಬಯಲಿಗೆ ಎಳೆದಿದ್ದರಿಂದ ಆ ಮುಜುಗರ ಸಹಜವೇ. ಈ ಕಲಾವಿದೆಯ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಕಾದಂಬರಿಯ ತಿರುವು ಇವರನ್ನು ಹೋಲುವ ಪಾತ್ರದ ಕೈಯಲ್ಲಿದೆ.

1933ರಲ್ಲಿ ಫಿಯರಿಂಗ್ ರೇಚಲ್ ಮೆಲ್ಟ್ಸರ್ ಅವರನ್ನು ಮದುವೆಯಾಗಿದ್ದರು. ಮನೆ ನಡೆದದ್ದು ಹೆಚ್ಚಾಗಿ ರೇಚಲ್ ಅವರ ದುಡಿಮೆಯಿಂದ, ನಡುವೆ 1936 ಮತ್ತು 1939ರ ಗುಗೆನ್‌ಹೈಮ್ ಹಣದಿಂದ. 1938ರಲ್ಲಿ ‘ಡೆಡ್ ರೆಕನಿಂಗ್’, 1940ರಲ್ಲಿ ರ‍್ಯಾಂಡಮ್ ಹೌಸ್‌ನಿಂದ ಸಂಗ್ರಹಿತ ಕವಿತೆಗಳು, 1943ರಲ್ಲಿ ‘ಆಫ್ಟರ್‌ನೂನ್ ಆಫ್ ಎ ಪಾನ್‌ಬ್ರೋಕರ್’ ಬಂದವು. ಕಾದಂಬರಿಗಳೂ ಈ ಅವಧಿಯಲ್ಲೇ ಶುರುವಾದವು, ಮತ್ತು ಅವುಗಳ ಕಟ್ಟಡದಲ್ಲಿ ಒಂದು ಹಟ ಕಾಣುತ್ತದೆ. 1939ರ ‘ದಿ ಹಾಸ್ಪಿಟಲ್’ ಒಂದು ದೊಡ್ಡ ಆಸ್ಪತ್ರೆಯ ಅಲ್ಪಾವಧಿಯನ್ನು ಅಲ್ಲಿನ ಅನೇಕರ ಬಾಯಲ್ಲಿ ಹೇಳಿಸುತ್ತದೆ. 1941ರ ‘ಡ್ಯಾಗರ್ ಆಫ್ ದಿ ಮೈಂಡ್’ ಕಲಾವಿದರ ವಸತಿ ಶಿಬಿರವೊಂದರಲ್ಲಿ ನಡೆಯುವ ಕೊಲೆಯ ಕಥೆ. ಫಿಯರಿಂಗ್ ಸ್ವತಃ ಯಾಡೋ ಎಂಬ ಅಂಥ ಶಿಬಿರದಲ್ಲಿ ಇದ್ದು ಬಂದಿದ್ದರು. 1942ರ ‘ಕ್ಲಾರ್ಕ್ ಗಿಫರ್ಡ್ಸ್ ಬಾಡಿ’ಯಲ್ಲಿ ಒಬ್ಬ ಬಂಡುಕೋರ ರೇಡಿಯೋ ಕೇಂದ್ರವನ್ನು ವಶಪಡಿಸಿಕೊಳ್ಳುತ್ತಾನೆ, ಆ ಘಟನೆಯನ್ನು ಹತ್ತಾರು ಜನ ಬೇರೆಬೇರೆ ಕಾಲದಲ್ಲಿ ನಿಂತು ಹೇಳುತ್ತಾರೆ. ಮೂರರಲ್ಲೂ ಕಥೆ ಒಬ್ಬನ ಕೈಯಲ್ಲಿಲ್ಲ. ಕೊನೆಯದು ಅತ್ಯಂತ ಧೈರ್ಯದ ಪ್ರಯೋಗವಾದರೂ ಓದುಗನಿಗೆ ಹಿಡಿದುಕೊಳ್ಳಲು ಒಂದು ಎಳೆ ಸಿಗದೆ ಸೋಲುತ್ತದೆ. ಫಿಯರಿಂಗ್ ಅವರಿಗೆ ಬೇಕಾಗಿದ್ದದ್ದು, ಹಲವು ಬಾಯಿಗಳನ್ನು ಒಂದೇ ಬಿಂದುವಿಗೆ ಕಟ್ಟಿಹಾಕುವ ಕಥಾನಕ.

ಆ ಬಿಂದು ಯಾವುದೆಂಬುದರ ಸುಳಿವು ಕವಿತೆಯಲ್ಲೇ ಮೊದಲು ಕಾಣಿಸಿಕೊಂಡಿತು ಎಂದು ನನಗೆ ತೋರುತ್ತದೆ. 1943ರ ಸಂಕಲನದಲ್ಲಿ, ಸುರಂಗ ರೈಲಿನಲ್ಲಿ ಕೇಳಿಸಿಕೊಂಡ ತಪ್ಪೊಪ್ಪಿಗೆಯ ಬಗ್ಗೆ ಒಂದು ಕವಿತೆಯಿದೆ. ಜನ ಕಿಕ್ಕಿರಿದ ಡಬ್ಬಿಯಲ್ಲಿ ಒಬ್ಬ ತನ್ನ ಹಲವು ಅಪರಾಧಗಳನ್ನು ಇನ್ನೊಬ್ಬನಿಗೆ ಒಪ್ಪಿಸುತ್ತಿದ್ದಾನೆ. ಕವಿತೆಯ ‘ನಾನು’ ಅವರಿಬ್ಬರ ನಡುವೆ ಸಿಕ್ಕಿಕೊಂಡಿದ್ದಾನೆ. ಒಬ್ಬನ ಬಾಯಿ ಇವನ ಬಲಗಿವಿಯ ಪಕ್ಕ, ಕೇಳುವವನು ಇವನ ಎಡಕ್ಕೆ. ಅವರ ಮಾತು ಇವನ ಮೂಲಕವೇ ಹಾದುಹೋಗುತ್ತದೆ. ಕೇಳಿಸಿಕೊಂಡವನು ಸಾಕ್ಷಿಯೋ, ಪಾಲುದಾರನೋ, ಅವನೇ ಅಪರಾಧಿಯೋ ಎಂಬ ಸಂಶಯ ಓದುಗನಿಗೆ ಹುಟ್ಟುತ್ತದೆ. ಹುಡುಕುವವನಿಗೂ ಹುಡುಕಲ್ಪಡುವವನಿಗೂ ನಡುವೆ ನಿಂತ ಮನುಷ್ಯನೊಬ್ಬ ಹೀಗೆ ದೊರೆತ.

ಕಾದಂಬರಿಯ ಕೆಲಸ 1944ರಲ್ಲಿ ಶುರುವಾಯಿತು. ಹೊರಗಿನ ಪ್ರಚೋದನೆಗಳೂ ಇದ್ದವು. 1943ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಶ್ರೀಮಂತ ಮನೆತನದ ಪ್ಯಾಟ್ರಿಷಿಯಾ ಲೋನರ್ಗನ್ ಅವರ ಕೊಲೆ ತಿಂಗಳುಗಟ್ಟಲೆ ಪತ್ರಿಕೆಗಳನ್ನು ಆವರಿಸಿತ್ತು. ಮರುವರ್ಷ ಸ್ಯಾಮ್ಯುಯೆಲ್ ಫುಲ್ಲರ್ ಅವರ ‘ದಿ ಡಾರ್ಕ್ ಪೇಜ್’ ಬಂತು. ಅದರಲ್ಲಿ ಕೊಲೆ ಮಾಡಿದ ಪತ್ರಿಕಾ ಸಂಪಾದಕನ ಜಾಡನ್ನು ಅವನ ಕೈಕೆಳಗಿನ ವರದಿಗಾರನೇ ಹಿಡಿಯುತ್ತಾನೆ. ಫಿಯರಿಂಗ್ ಈ ಸಂಬಂಧವನ್ನು ತಿರುಗಿಸಿ ಹೊಲಿದರು, ಆ ತಿರುವಿನಿಂದ ಬೇರೆಯೇ ಪುಸ್ತಕ ಹುಟ್ಟಿತು.

ಜಾರ್ಜ್ ಸ್ಟ್ರೌಡ್ ಒಂದು ಬೃಹತ್ ಪತ್ರಿಕಾ ಸಮೂಹದಲ್ಲಿ ‘ಕ್ರೈಮ್‌ವೇಸ್’ ಎಂಬ ಅಪರಾಧ ಪತ್ರಿಕೆಯ ಸಂಪಾದಕ. ‘ನ್ಯೂಸ್‌ವೇಸ್’, ‘ಫ್ಯೂಚರ್‌ವೇಸ್’ ಮುಂತಾದ ಹೆಸರುಗಳ ಸಾಲನ್ನು ನೋಡಿದರೆ ಸಾಕು, ಪತ್ರಿಕೋದ್ಯಮಿ ಹೆನ್ರಿ ಲೂಸ್ ಅವರ ಟೈಮ್ ಪತ್ರಿಕಾ ಸಮೂಹದ ನೆರಳು ಅಂದಿನ ಓದುಗರಿಗೆ ತಕ್ಷಣ ಹೊಳೆಯುತ್ತಿತ್ತು. ಸ್ಟ್ರೌಡ್‌ಗೆ ಹೆಂಡತಿ ಜಾರ್ಜೆಟ್, ಮಗಳು ಜಾರ್ಜಿಯಾ. ಒಂದೇ ಹೆಸರನ್ನು ಮೂರು ಮಾಡಿಕೊಂಡಂಥ ಈ ಸಂಸಾರದಲ್ಲೇ ಅಚ್ಚುಹಾಕಿದ ಬದುಕಿನ ವಾಸನೆಯಿದೆ. ಸಮೂಹದ ಒಡೆಯ ಅರ್ಲ್ ಜಾನಾಥ್‌ನ ಪ್ರೇಯಸಿ ಪಾಲೀನ್ ಡೆಲೋಸ್ ಜೊತೆ ಸ್ಟ್ರೌಡ್ ಗುಟ್ಟಾಗಿ ಎರಡು ದಿನ ಕಳೆಯುತ್ತಾನೆ. ಅವಳನ್ನು ಮನೆಯ ಬಳಿ ಬಿಟ್ಟು ಹಿಂತಿರುಗುವಾಗ ಜಾನಾಥ್ ಬರುತ್ತಾನೆ. ನೆರಳಿನಲ್ಲಿ ನಿಂತ ಗಂಡಸೊಬ್ಬನ ಆಕಾರ ಅವನಿಗೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಒಳಗೆ ಜಗಳ ಬೆಳೆದು ಜಾನಾಥ್ ಮದ್ಯದ ಗಾಜಿನ ಹೂಜಿಯಿಂದ ಹೊಡೆದು ಪಾಲೀನಳನ್ನು ಕೊಂದುಬಿಡುತ್ತಾನೆ. ಅವನ ಬಲಗೈ ಬಂಟ ಸ್ಟೀವ್ ಹೇಗನ್ ಒಂದು ಉಪಾಯ ಹೂಡುತ್ತಾನೆ: ಆ ರಾತ್ರಿ ಅಲ್ಲಿದ್ದ ಅಪರಿಚಿತನನ್ನು ಪೊಲೀಸರಿಗಿಂತ ಮೊದಲು ಹಿಡಿಯಬೇಕು, ಅದಕ್ಕಾಗಿ ಸುಳ್ಳು ನೆಪವೊಂದರಲ್ಲಿ ಪತ್ರಿಕಾ ಸಮೂಹದ ಸಮಸ್ತ ವರದಿಗಾರರನ್ನೂ ದಾಖಲೆಗಳನ್ನೂ ದೂರವಾಣಿಗಳನ್ನೂ ಹಚ್ಚಬೇಕು. ಈ ಹುಡುಕಾಟದ ನೇತೃತ್ವ ಬರುವುದು ಸಂಸ್ಥೆಯ ಅತ್ಯಂತ ಸಮರ್ಥ ಸಂಪಾದಕನಿಗೆ, ಅಂದರೆ ಸ್ಟ್ರೌಡ್‌ಗೆ. ಅವನು ತನ್ನನ್ನೇ ಹುಡುಕಬೇಕು, ಹುಡುಕಾಟ ಚೆನ್ನಾಗಿ ನಡೆಯುತ್ತಿದೆ ಎಂದು ಎಲ್ಲರಿಗೂ ತೋರಬೇಕು, ಆದರೆ ಸಿಕ್ಕಿಬೀಳಬಾರದು.

ಇದರ ನಡೆ ಎಷ್ಟು ಬಿಗಿ ಎಂಬುದು ಎರಡು ಸುಳಿವುಗಳಲ್ಲಿ ಗೊತ್ತಾಗುತ್ತದೆ. ಮೊದಲನೆಯದು ಗಿಲ್ ಎಂಬಾತನ ಮದ್ಯದಂಗಡಿ. ಅವನು ಗಲ್ಲೆಯ ಹಿಂದೆ ಜಗತ್ತಿನ ಹಳೆಯ ಚೂರುಪಾರನ್ನೆಲ್ಲ ರಾಶಿ ಹಾಕಿಕೊಂಡಿದ್ದಾನೆ, ಗಿರಾಕಿ ಯಾವ ವಸ್ತುವಿನ ಹೆಸರು ಹೇಳಿದರೂ ಅದು ತನ್ನಲ್ಲಿದೆ ಎಂದು ಸಾಧಿಸುತ್ತಾನೆ. ಪಾಲೀನ್ ಜೊತೆ ಸ್ಟ್ರೌಡ್ ಅಲ್ಲಿಗೆ ಹೋಗಿದ್ದ, ಗಿಲ್‌ಗೆ ಅವನ ಮುಖ ಚೆನ್ನಾಗಿ ಗೊತ್ತು. ಎರಡನೆಯದು ಹಳೆಯ ವಸ್ತುಗಳ ಅಂಗಡಿಯಲ್ಲಿ ಅವನು ಕೊಂಡ ಒಂದು ವರ್ಣಚಿತ್ರ: ಎರಡು ಕೈಗಳು, ಒಂದು ನಾಣ್ಯವನ್ನು ಕೊಡುತ್ತಿದೆ, ಇನ್ನೊಂದು ತೆಗೆದುಕೊಳ್ಳುತ್ತಿದೆ. ಪಾಲೀನ್ ಅದನ್ನು, ಹಣಕ್ಕಾಗಿ ಯೇಸುವನ್ನು ಹಿಡಿದುಕೊಟ್ಟ ಜೂದಾಸನ ಚಿತ್ರ ಎನ್ನುತ್ತಾಳೆ. ಅದೇ ಹೊತ್ತಿನಲ್ಲಿ ಅಂಗಡಿಗೆ ಬಂದು ಅದೇ ಚಿತ್ರಕ್ಕೆ ಪೈಪೋಟಿ ಹೂಡಿ ಸೋತ ಹೆಂಗಸೇ ಅದನ್ನು ಬರೆದ ಲೂಯಿಸ್ ಪ್ಯಾಟರ್ಸನ್. ಚಿತ್ರದ ಒಡೆಯನನ್ನು ಹಿಡಿದರೆ ಅಪರಿಚಿತ ಸಿಕ್ಕಂತೆ. ಸ್ಟ್ರೌಡ್ ಆ ಚಿತ್ರವನ್ನು ಸುಟ್ಟುಹಾಕಿದರೆ ಬಹುಮಟ್ಟಿಗೆ ಪಾರಾಗುತ್ತಾನೆ, ಆದರೆ ಅವನಿಗೆ ಅದನ್ನು ಸುಡಲಾಗುವುದಿಲ್ಲ. ಪ್ಯಾಟರ್ಸನ್ ಕಚೇರಿಗೆ ಬಂದು ಅವನನ್ನು ಗುರುತಿಸುತ್ತಾಳೆ. ತನ್ನ ಚಿತ್ರ ಉಳಿಯಬೇಕೆಂಬ ಆಸೆಯಿಂದ ಬಾಯಿ ಬಿಡುವುದಿಲ್ಲ. ಇಡೀ ಕಾದಂಬರಿಯಲ್ಲಿ ಲಾಭದ ಲೆಕ್ಕಕ್ಕೆ ಸಿಗದ ವ್ಯವಹಾರ ಇದೊಂದೇ. ಗದ್ದಲದ, ಮಕ್ಕಳೊಂದಿಗಳಾದ, ಯಾರಿಗೂ ಬಗ್ಗದ ಈ ಕಲಾವಿದೆಯ ಹಿಂದೆ ಆಲಿಸ್ ನೀಲ್ ಇದ್ದಾರೆ ಎಂಬುದನ್ನು ವಿಮರ್ಶಕರು ಗುರುತಿಸಿದ್ದಾರೆ. ಹತ್ತು ವರ್ಷದ ಹಿಂದೆ ತನ್ನ ಭಾವಚಿತ್ರ ಬರೆದವರಿಗೆ ಫಿಯರಿಂಗ್ ಕೊಟ್ಟ ಮರುಭಾವಚಿತ್ರವಿದು.

ಕಥೆಯನ್ನು ಏಳು ಜನ ಹೇಳುತ್ತಾರೆ, ಎಲ್ಲರೂ ‘ನಾನು’ ಎಂದೇ. ಸ್ಟ್ರೌಡ್‌ನ ಪಾಲು ದೊಡ್ಡದು. ಜಾನಾಥ್, ಹೇಗನ್, ಜಾರ್ಜೆಟ್, ಪ್ಯಾಟರ್ಸನ್ ಮತ್ತು ಇಬ್ಬರು ಪತ್ರಿಕಾ ಸಿಬ್ಬಂದಿ ಉಳಿದದ್ದನ್ನು ಹೇಳುತ್ತಾರೆ. ಕೊಲೆಗಾರ ಯಾರು ಎಂಬುದನ್ನು ಕೊಲೆಗಾರನೇ ನಮಗೆ ಹೇಳಿಬಿಡುವುದರಿಂದ ಗುಟ್ಟೆಂಬುದೇ ಇಲ್ಲ. ಪೊಲೀಸರು ಅಂಚಿನಲ್ಲಷ್ಟೇ ಇದ್ದಾರೆ, ಪತ್ತೇದಾರ ಇಲ್ಲವೇ ಇಲ್ಲ. ಆ ಕೆಲಸವನ್ನು ಕಂಪನಿಯೇ ಮಾಡುತ್ತದೆ. ಸುದ್ದಿ ಕಲೆಹಾಕಲು ಕಟ್ಟಿದ ಯಂತ್ರ ಮನುಷ್ಯನನ್ನು ಬೇಟೆಯಾಡುವುದಕ್ಕೂ ಅಷ್ಟೇ ಚೆನ್ನಾಗಿ ಒದಗುತ್ತದೆ ಎಂಬುದನ್ನು ಫಿಯರಿಂಗ್ ಯಾವ ಭಾಷಣವೂ ಇಲ್ಲದೆ ನಡೆಸಿ ತೋರಿಸುತ್ತಾರೆ. ಸ್ಟ್ರೌಡ್ ಆಗಾಗ ಯೋಚಿಸುವ ದೊಡ್ಡ ಗಡಿಯಾರ ಗೋಡೆಯ ಮೇಲಿನದಲ್ಲ. ಉಳಿದೆಲ್ಲ ಗಡಿಯಾರಗಳೂ ಅದಕ್ಕೆ ಹೊಂದಿಕೊಳ್ಳಬೇಕು, ಮನುಷ್ಯ ಅದರ ಲೋಲಕದ ಮೇಲೆ ಹತ್ತಿ ಚಕ್ರಗಳ ನಡುವೆ ದಾರಿ ಹುಡುಕುವ ಇಲಿ. ‘ಡರ್ಜ್’ನಲ್ಲಿ ಹೆಸರಿಲ್ಲದೆ ಸತ್ತವನೇ ಇಲ್ಲಿ ಸ್ಟ್ರೌಡ್ ಎಂಬ ಹೆಸರು ಪಡೆದು ಬಂದಿದ್ದಾನೆ, ಸಾಯುವ ಮೊದಲು ಒಂದಿಷ್ಟು ಹೊತ್ತು ಓಡುವ ಅವಕಾಶವೂ ಅವನಿಗೆ ದಕ್ಕಿದೆ.

ಅಂತ್ಯವನ್ನು ಕೆಲವರು ದುರ್ಬಲ ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ಅಪರಿಚಿತ ಕಟ್ಟಡದೊಳಗೇ ಇದ್ದಾನೆಂದು ಖಚಿತವಾಗಿ, ಮಹಡಿ ಮಹಡಿಯಾಗಿ ಜಾಲಾಡುತ್ತಾ ಬರುವಾಗ, ಸ್ಟ್ರೌಡ್‌ನ ಜಾಣತನದಿಂದ ಬಿಡುಗಡೆ ಸಿಗುವುದಿಲ್ಲ. ಬೇರೊಂದು ಸಂಸ್ಥೆಯೊಂದಿಗೆ ಸಮೂಹ ವಿಲೀನವಾಗುತ್ತದೆ, ಜಾನಾಥ್ ಅಧಿಕಾರ ಕಳೆದುಕೊಳ್ಳುತ್ತಾನೆ, ಹುಡುಕಾಟ ಅರ್ಥ ಕಳೆದುಕೊಂಡು ನಿಂತುಹೋಗುತ್ತದೆ. ಆಮೇಲೆ ಪತ್ರಿಕೆಯ ತಲೆಬರಹವೊಂದರಲ್ಲಿ ಜಾನಾಥ್ ಎತ್ತರದಿಂದ ಬಿದ್ದು ಸತ್ತ ಸುದ್ದಿ ಬರುತ್ತದೆ. ನ್ಯಾಯ ಯಾರನ್ನೂ ಮುಟ್ಟಲಿಲ್ಲ, ಲೆಕ್ಕಪತ್ರ ಮುಟ್ಟಿತು. ಸ್ಟ್ರೌಡ್ ತನ್ನ ಬಲದಿಂದ ಗೆದ್ದಿದ್ದರೆ ಈ ಕಾದಂಬರಿ ಹೇಳಿದ್ದೆಲ್ಲ ಸುಳ್ಳಾಗುತ್ತಿತ್ತು.

ಪುಸ್ತಕ ಹಾರ್ಕೋರ್ಟ್ ಬ್ರೇಸ್‌ನಿಂದ ಹೊರಬಂದಾಗ ಸಿಕ್ಕ ಮನ್ನಣೆ ದೊಡ್ಡದು. ಪತ್ತೇದಾರಿ ಕಾದಂಬರಿಗಳ ಹೆಸರಾಂತ ಲೇಖಕ ರೇಮಂಡ್ ಚಾಂಡ್ಲರ್ ಅಷ್ಟು ಸುಲಭವಾಗಿ ಇನ್ನೊಬ್ಬರನ್ನು ಹೊಗಳುವವರಲ್ಲ. ಅವರೂ ತಮ್ಮ ಪತ್ರವೊಂದರಲ್ಲಿ ಇದನ್ನು ಅಪರೂಪದ ಸಾಧನೆಯೆಂದು ಮೆಚ್ಚಿದ್ದಾರೆ. ಪತ್ರಿಕೆಯ ಸಂಕ್ಷಿಪ್ತ ರೂಪ, ಮರುಮುದ್ರಣ, ಸಿನಿಮಾ ಹಕ್ಕು ಸೇರಿ ಸುಮಾರು 60,000 ಡಾಲರ್ ಬಂತು. ಅಲ್ಲಿಯವರೆಗೆ ಪದಕ್ಕಿಷ್ಟು ಎಂದು ಎಣಿಸಿಕೊಂಡು ಬದುಕಿದವರಿಗೆ ಅದು ಊಹೆಗೂ ಮೀರಿದ ಮೊತ್ತ. ಆದರೆ ವಕೀಲರ ಮಗನಾಗಿದ್ದ ಫಿಯರಿಂಗ್ ಒಪ್ಪಂದದ ವಿಚಾರ ತಮಗೇ ತಿಳಿಯುತ್ತದೆ ಎಂದು ನಂಬಿದ್ದರು, ಸಹಿ ಹಾಕಿದ ಷರತ್ತುಗಳು ಅವರಿಗೆ ಅನುಕೂಲವಾಗಿರಲಿಲ್ಲ. ಕಥೆ ಅವರ ಕೈಬಿಟ್ಟು ಹೋಗಿತ್ತು. 1948ರಲ್ಲಿ ಪ್ಯಾರಾಮೌಂಟ್ ತೆರೆಗೆ ತಂದ ಜಾನ್ ಫ್ಯಾರೋ ನಿರ್ದೇಶನದ ಚಿತ್ರದಲ್ಲಿ ರೇ ಮಿಲ್ಯಾಂಡ್ ಸ್ಟ್ರೌಡ್ ಆದರು, ಚಾರ್ಲ್ಸ್ ಲಾಟನ್ ಜಾನಾಥ್ ಆದರು. ಚಿತ್ರ ಚೆನ್ನಾಗಿದೆ, ಲಾಟನ್ ಅಂತೂ ಮರೆಯಲಾಗದವರು. ಆದರೆ ಅಂದಿನ ಸೆನ್ಸಾರ್ ನಿಯಮಗಳ ಕೈಯಲ್ಲಿ ಸ್ಟ್ರೌಡ್‌ನ ವ್ಯಭಿಚಾರ ಒಂದು ರಾತ್ರಿಯ ಅಲೆದಾಟಕ್ಕೆ ಇಳಿದಿದೆ, ಹೂಜಿಯ ಜಾಗಕ್ಕೆ ಸೂರ್ಯಗಡಿಯಾರದ ಪ್ರತಿಮೆ ಬಂದಿದೆ, ಜಾನಾಥ್ ಲಿಫ್ಟಿನ ಗುಂಡಿಗೆ ಬಿದ್ದು ಸಾಯುತ್ತಾನೆ. ಮುಖ್ಯವಾಗಿ, ಕಾದಂಬರಿಯಲ್ಲಿ ಕಣ್ಣಿಗೆ ಕಾಣದೆ ಎಲ್ಲೆಡೆ ಇದ್ದ ಗಡಿಯಾರ ಚಿತ್ರದಲ್ಲಿ ಕಟ್ಟಡದ ನಡುವೆ ನಿಲ್ಲಿಸಿದ ನಿಜವಾದ ಯಂತ್ರವಾಗಿದೆ. ನಾಯಕ ಅದರೊಳಗೇ ಅಡಗುತ್ತಾನೆ. ಕಣ್ಣಿಗೆ ಕಂಡ ಕೂಡಲೇ ಅದರ ಭಯ ಅರ್ಧ ಇಳಿದುಹೋಗುತ್ತದೆ.

ಈ ಯಶಸ್ಸಿನ ನಂತರದ ಹದಿನೈದು ವರ್ಷಗಳನ್ನು ಬೇಗ ಹೇಳಬಹುದು. ಮೊದಲ ಮದುವೆ ಆಗಲೇ ಮುರಿದಿತ್ತು. 1945ರಲ್ಲಿ ಕಲಾವಿದೆ ನ್ಯಾನ್ ಲೂರಿ ಅವರೊಂದಿಗೆ ಆದ ಎರಡನೆಯ ಮದುವೆ 1952ರ ಹೊತ್ತಿಗೆ ಬೇರೆವಾಸಕ್ಕೆ ಬಂತು. ಯೌವನದಿಂದಲೂ ಇದ್ದ ಕುಡಿತ ಹಣ ಬಂದ ಮೇಲೆ ಹೆಚ್ಚಾಯಿತು. 1948ರಲ್ಲಿ ‘ಸ್ಟ್ರೇಂಜರ್ ಅಟ್ ಕೋನಿ ಐಲೆಂಡ್’ ಬಂದದ್ದೇ ಪೂರ್ತಿ ಹೊಸ ಕವಿತೆಗಳ ಕೊನೆಯ ಸಂಕಲನ. 1951ರ ‘ಲೋನ್ಲಿಯೆಸ್ಟ್ ಗರ್ಲ್ ಇನ್ ದಿ ವರ್ಲ್ಡ್’ ಧ್ವನಿಮುದ್ರಣಗಳ ಬೃಹತ್ ಭಂಡಾರವೊಂದರ ಸುತ್ತ, 1954ರ ‘ದಿ ಜೆನೆರಸ್ ಹಾರ್ಟ್’ ದಾನಸಂಗ್ರಹದ ದಂಧೆಯ ಸುತ್ತ, 1960ರ ‘ದಿ ಕ್ರೊಜಾರ್ಟ್ ಸ್ಟೋರಿ’ ಪ್ರಚಾರ ಸಂಸ್ಥೆಗಳ ಸುತ್ತ ಸುತ್ತುತ್ತವೆ. ವಿಷಯ ಒಂದಕ್ಕಿಂತ ಒಂದು ಮುಂದಾಲೋಚನೆಯದು, ಆದರೆ ಒಂದರಲ್ಲೂ ಸ್ಟ್ರೌಡ್‌ನಂಥ ಉಸಿರಾಡುವ ಮನುಷ್ಯ ಇಲ್ಲ. ಜೀವನೋಪಾಯಕ್ಕೆ ಮತ್ತೆ ಸಂಬಳದ ಕೆಲಸ ಹುಡುಕಬೇಕಾಯಿತು; ಐವತ್ತರ ದಶಕದ ಉತ್ತರಾರ್ಧದಲ್ಲಿ ಸ್ನಾಯುಕ್ಷಯ ರೋಗಿಗಳಿಗಾಗಿ ದುಡಿಯುವ ಸಂಘವೊಂದಕ್ಕೆ ಬರವಣಿಗೆಯ ಕೆಲಸ ಮಾಡಿದರು.

ಕಾಲವೂ ಅವರಿಗೆ ವಿರುದ್ಧವಾಗಿ ತಿರುಗಿತ್ತು. ಮೂವತ್ತರ ದಶಕದಲ್ಲಿ ಎಡಪಂಥೀಯ ಪತ್ರಿಕೆಗಳಲ್ಲಿ ಬರೆದವರು, ‘ಪಾರ್ಟಿಸನ್ ರಿವ್ಯೂ’ ಎಂಬ ಎಡಪಂಥೀಯ ಸಾಹಿತ್ಯ ಪತ್ರಿಕೆ ಆರಂಭವಾದಾಗ ಅದರೊಂದಿಗಿದ್ದವರು ಎಂಬ ಕಾರಣಕ್ಕೆ 1950ರಲ್ಲಿ ಎಫ್‌ಬಿಐ ಅವರನ್ನು ವಿಚಾರಿಸಿತು. ಕಮ್ಯುನಿಸ್ಟ್ ಪಕ್ಷದ ಸದಸ್ಯರೇ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ‘ಇನ್ನೂ ಇಲ್ಲ’. ತಮ್ಮ ಕಾದಂಬರಿಯ ಸನ್ನಿವೇಶ ತಮ್ಮ ಮೇಲೇ ಎರಗಿದಾಗ ಅವರು ಸ್ಟ್ರೌಡ್‌ಗಿಂತ ಸಮಾಧಾನದಿಂದ ನಿಂತರು. 1956ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಪ್ರಕಾಶನ ತಂದ ಆಯ್ದ ಕವಿತೆಗಳ ಪುಸ್ತಕಕ್ಕೆ ಬರೆದ ಮುನ್ನುಡಿಯಲ್ಲಿ, ಸಂಸತ್ತಿನ ಸಮಿತಿಗಳ ವಿಚಾರಣೆಗಳನ್ನೂ ಸುದ್ದಿ ಉದ್ಯಮವನ್ನೂ ಒಂದೇ ದಂಧೆಯ ಎರಡು ಕವಲುಗಳೆಂಬಂತೆ ನೋಡಿ ಬಿಚ್ಚುಮಾತಿನಲ್ಲಿ ಟೀಕಿಸಿದರು. ಆ ಮುನ್ನುಡಿ ‘ದಿ ಬಿಗ್ ಕ್ಲಾಕ್’ಗೆ ಬರೆದ ಟಿಪ್ಪಣಿಯಂತೆಯೂ ಓದಿಸಿಕೊಳ್ಳುತ್ತದೆ. ಆದರೆ ಆ ಹೊತ್ತಿಗೆ ಕವಿತೆಯಲ್ಲಿ ಬಿಗಿಯಾದ ರೂಪಕವನ್ನೂ ಒಳಸುಳಿಯ ಅರ್ಥವನ್ನೂ ಹುಡುಕುವ ವಿಮರ್ಶೆ ವಿಶ್ವವಿದ್ಯಾಲಯಗಳನ್ನು ಆಳುತ್ತಿತ್ತು, ಜಾಹೀರಾತಿನ ಭಾಷೆಯಲ್ಲಿ ಬರೆದ ಕವಿಗೆ ಅಲ್ಲಿ ಜಾಗವಿರಲಿಲ್ಲ. 1961ರ ಜೂನ್ 26ರಂದು, ನ್ಯೂಯಾರ್ಕಿನ ಲೆನಾಕ್ಸ್ ಹಿಲ್ ಆಸ್ಪತ್ರೆಯಲ್ಲಿ, 58ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ಅವರು ತೀರಿಕೊಂಡರು.

ಕಥಾನಕ ಅವರಿಲ್ಲದೆಯೂ ಪಯಣ ಮುಂದುವರಿಸಿತು. 1976ರಲ್ಲಿ ಅಲೆನ್ ಕೊರ್ನೋ ನಿರ್ದೇಶನದ ‘ಪೊಲೀಸ್ ಪೈಥಾನ್ 357’ರಲ್ಲಿ ಈವ್ ಮೊಂಟಾನ್ ಪೊಲೀಸ್ ಅಧಿಕಾರಿಯಾಗಿ ತನ್ನನ್ನೇ ಹುಡುಕಿದರು; 1987ರ ‘ನೋ ವೇ ಔಟ್’ನಲ್ಲಿ ಕೆವಿನ್ ಕಾಸ್ಟ್ನರ್ ಪೆಂಟಗನ್ನಿನ ನೌಕಾಪಡೆ ಅಧಿಕಾರಿಯಾಗಿ ಅದೇ ಕೆಲಸ ಮಾಡಿದರು. ಪತ್ರಿಕಾ ಕಚೇರಿ, ಪೊಲೀಸ್ ಠಾಣೆ, ರಕ್ಷಣಾ ಇಲಾಖೆ, ಎಲ್ಲಿ ಇಟ್ಟರೂ ಕಥೆ ನಿಲ್ಲುತ್ತದೆ ಎಂಬುದೇ ಫಿಯರಿಂಗ್ ಕಂಡದ್ದು ಒಬ್ಬ ಪತ್ರಿಕಾ ಒಡೆಯನ ಕೆಡುಕನ್ನಷ್ಟೇ ಅಲ್ಲವೆಂಬುದಕ್ಕೆ ಸಾಕ್ಷಿ.

ಕವಿತೆಗಳಿಗೆ ಈ ಅದೃಷ್ಟ ತಡವಾಗಿ ಬಂತು. ರಾಬರ್ಟ್ ರೈಲಿ ಅವರ ಸಂಪಾದಕತ್ವದಲ್ಲಿ ಸಮಗ್ರ ಕವಿತೆಗಳು ಅಚ್ಚಾದದ್ದು 1994ರಲ್ಲಿ. 1997ರಲ್ಲಿ ಲೈಬ್ರರಿ ಆಫ್ ಅಮೆರಿಕ ತನ್ನ ಅಪರಾಧ ಕಾದಂಬರಿಗಳ ಸಂಪುಟಕ್ಕೆ ‘ದಿ ಬಿಗ್ ಕ್ಲಾಕ್’ ಸೇರಿಸಿಕೊಂಡಿತು, 2004ರಲ್ಲಿ ಅದೇ ಸಂಸ್ಥೆ ಆಯ್ದ ಕವಿತೆಗಳನ್ನೂ ತಂದಿತು. ಎರಡರ ಸಂಪಾದಕರೂ ರಾಬರ್ಟ್ ಪೊಲಿಟೊ. ಒಬ್ಬರೇ ಸಂಪಾದಿಸಿದರೂ ಎರಡು ಪುಸ್ತಕಗಳು ಎರಡು ಬೇರೆ ಕಪಾಟುಗಳಿಗೆ ಹೋದವು, ಅವುಗಳ ಓದುಗರೂ ಬೇರೆಯೇ. ಹೊಸದಾಗಿ ಓದುವವರು ‘ಡರ್ಜ್’ನಿಂದ ಶುರುಮಾಡಿ, ಸುರಂಗ ರೈಲಿನ ತಪ್ಪೊಪ್ಪಿಗೆಯನ್ನು ಓದಿ, ಆಮೇಲೆ ಕಾದಂಬರಿಯನ್ನು ಕೈಗೆತ್ತಿಕೊಂಡರೆ ಒಳ್ಳೆಯದು. ಆ ಕ್ರಮದಲ್ಲಿ ಬಂದವರಿಗೆ, ಸ್ಟ್ರೌಡ್ ಮೊದಲ ಬಾರಿ ಗಡಿಯಾರವನ್ನು ನೆನೆಯುವ ಪುಟದಲ್ಲೇ, ಮಾತಾಡುತ್ತಿರುವವರು 1935ರ ಆ ಕವಿಯೇ ಎಂಬುದು ತಿಳಿಯುತ್ತದೆ.